ನಾಲ್ಕರ ಮೇಲೆ ಹುಲ್ಲಿನ ಉಂಗುರ

ನಂಬದಿದ್ದರೆ ಬಿಡಿ, ಕಳೆಯುವುದರಲ್ಲೂ ತಪ್ಪದೆ, ಭಾಗಿಸುವುದರಲ್ಲೂ ತಪ್ಪದೆ, ಲೆಕ್ಕ ಮಾಡಿಯೇ ಹೊಳೆಯಲ್ಲಿ ಮುಳುಗಿದವನೊಬ್ಬನಿದ್ದ. ಹೆಸರು ಗಾದಿಲಿಂಗ.

ಈಜಿನಲ್ಲಿ ಮೀನು, ಲೆಕ್ಕದಲ್ಲಿ ಸಿಡಿಲು. ಹಾಗಂತ ಅವನೇ ಹೇಳಿಕೊಂಡು ತಿರುಗುತ್ತಿದ್ದ. ಮಠದ ಹರಿಗೋಲಿನ ಹುಟ್ಟು ತನ್ನ ಕೈಗೆ ಬರಬೇಕು, ತಾನೇ ಹರಿಗೋಲನ್ನು ಆಚೆ ದಡಕ್ಕೆ ನಡೆಸಬೇಕು. ಅವನಿಗೆ ಅದೊಂದೇ ಹುಚ್ಚು.

ಒಂದು ಬೆಳಿಗ್ಗೆ ಅವನ ಗುರು ಸಿದ್ಧಯ್ಯನವರು ದಡದಲ್ಲಿ ಕೂತು ಕೇಳಿದರು.

“ನೀನೊಬ್ಬನೇ ಕೂತರೆ ಹರಿಗೋಲು ಮೂರು ಬೆರಳು ಇಳಿಯುತ್ತದೆ. ಒಂದೊಂದು ಮೂಟೆ ಭತ್ತಕ್ಕೆ ಇನ್ನೆರಡು ಬೆರಳು. ಖಾಲಿ ಹರಿಗೋಲಿನ ಅಂಚು ಇರುವುದು ನೀರಿನಿಂದ ಹನ್ನೊಂದು ಬೆರಳು ಮೇಲೆ. ನೀರು ಅಂಚಿಗಿಂತ ಕೆಳಗೇ ಇರಬೇಕು. ಎಷ್ಟು ಭತ್ತ ಹೇರಬಹುದು? ಹೇಳಿದರೆ ಹುಟ್ಟು ನಿನ್ನದು.”

“ಹನ್ನೊಂದರಲ್ಲಿ ಮೂರು ಹೋದರೆ ಎಂಟು. ಎಂಟರ ಅರ್ಧ ನಾಲ್ಕು. ಇದೂ ಒಂದು ಲೆಕ್ಕವಾ ಅಜ್ಜಾ? ನಮ್ಮೂರಲ್ಲಿ ಎಮ್ಮೆ ಮೈ ತೊಳೆಯುತ್ತಲೇ ಮಾಡಿಬಿಡ್ತೀವಿ.”

“ಹಾಗಾದರೆ ಹೇರು.”

ನಾಲ್ಕು ಮೂಟೆ ಹೇರಿ ಗಾದಿಲಿಂಗ ಹತ್ತಿ ಕೂತ. ನೀರು ಅಂಚಿಗೆ ಸರಿಸಮ ಬಂದು ನಿಂತಿತು.

“ನೋಡಿದ್ರಾ, ಕೂದಲೆಳೆಯಷ್ಟೂ ಹೆಚ್ಚಿಲ್ಲ,” ಅಂತ ಮೀಸೆ ತಿರುವಿದ.

ಆ ಅಲುಗಾಟವೇ ಸಾಕಾಯಿತು. ಅಂಚು ದಾಟಿ ನೀರು ನುಗ್ಗಿತು. ಎದೆಮಟ್ಟದ ನೀರಲ್ಲಿ ಭತ್ತ, ಹರಿಗೋಲು, ಮೀಸೆ ಎಲ್ಲವೂ ಒಟ್ಟಿಗೇ ಮುಳುಗಿದವು.

ಅವನು ಮೂಟೆಗಳನ್ನು ಎಳೆದು ದಡಕ್ಕೆ ಹಾಕುವಷ್ಟರಲ್ಲಿ ಗುರುಗಳು ಮರಳಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದಿದ್ದರು. ಸೊನ್ನೆ, ಒಂದು, ಎರಡು, ಮೂರು, ನಾಲ್ಕು ಅಂತ ಗುರುತು. ಸೊನ್ನೆಯ ಮೇಲೆ ಒಂದು ಕಲ್ಲು. ನಾಲ್ಕರ ಮೇಲೆ ಹುಲ್ಲೆಳೆ ಸುತ್ತಿ ಮಾಡಿದ ಉಂಗುರ.

“ಅಲ್ಲಿ ಗಟ್ಟಿ ಕಲ್ಲು, ಇಲ್ಲಿ ಬರೀ ತೂತು. ಯಾಕಜ್ಜಾ?”

“ಭತ್ತವೇ ಇಲ್ಲದೆ ಹೋದರೆ ತೇಲುತ್ತೀಯಾ?”

“ತೇಲದೆ ಏನು.”

“ನಾಲ್ಕು ಮೂಟೆಗೆ?”

ಗಾದಿಲಿಂಗ ಪಂಚೆ ಹಿಂಡಿದ. “ಸರಿ ಹಾಗಾದರೆ, ಮೂರು. ಉತ್ತರ ಮೂರು.”

“ಮೂರರ ಮೇಲೆ ಒಂದು ಬೊಗಸೆ ಹಾಕಿದರೆ?”

“ತೇಲ್ತೀನಿ.”

“ಅರ್ಧ ಮೂಟೆ?”

“ತೇಲ್ತೀನಿ.”

“ನಾಲ್ಕಕ್ಕೆ ಒಂದೇ ಬೊಗಸೆ ಕಮ್ಮಿ?”

ಗಾದಿಲಿಂಗ ಧೊಪ್ಪನೆ ಮಂಡಿಯೂರಿ, ಕಲ್ಲಿನಿಂದ ಉಂಗುರದವರೆಗೆ ಮುಷ್ಟಿಯಲ್ಲೇ ಗೆರೆಯನ್ನು ಉಜ್ಜಿ ಉಜ್ಜಿ ಅಗಲ ಮಾಡಿದ.

“ಅಜ್ಜಾ, ಉತ್ತರ ಒಂದು ಸಂಖ್ಯೆಯೇ ಅಲ್ಲ. ಇಷ್ಟುದ್ದ ಗೆರೆಯೆಲ್ಲ ಉತ್ತರ. ಉಂಗುರಕ್ಕೆ ಎಷ್ಟು ಹತ್ತಿರ ಬೇಕಾದರೂ ಹೋಗಬಹುದು, ಅದರೊಳಗೆ ಮಾತ್ರ ಕಾಲಿಡೋ ಹಾಗಿಲ್ಲ. ಇಷ್ಟೆಲ್ಲ ಬಿಟ್ಟು ನಾನು ಹೋಗಿ ಆ ತೂತಿಗೇ ಬಿದ್ದೆನಲ್ಲ.”

“ಕಲ್ಲಿನಿಂದ ಆ ಕಡೆ ಯಾಕೆ ಉಜ್ಜಲಿಲ್ಲ?”

“ಸೊನ್ನೆಗಿಂತ ಕಮ್ಮಿ ಭತ್ತ ಯಾರ ಮನೇಲಿದೆ ಅಜ್ಜಾ?”

ಸಿದ್ಧಯ್ಯನವರು ಹೊಳೆಗೆ ಕೇಳುವ ಹಾಗೆ ನಕ್ಕರು. ಪಕ್ಕದಲ್ಲಿದ್ದ ಹುಟ್ಟನ್ನೆತ್ತಿ ಅವನ ಒದ್ದೆ ಕೈಗಿಟ್ಟರು.

“ಮೊದಲು ಆ ಭತ್ತ ಒಣಗಿಸು ತಮ್ಮಾ. ಹುಟ್ಟು ಇನ್ನು ನಿನ್ನದು.”