ಎಲೆ ಉದುರಿಸದ ಸೇಬಿನ ತೋಟ

“ಕೇಳ್ರಪ್ಪೋ, ಬಿಸಿಲುಕೋಟೆಯ ಜನಗಳೇ. ಏಳು ವರ್ಷವಾದರೂ ಅರಮನೆಯ ಸೇಬಿನ ತೋಟ ಒಂದು ಕಾಯಿ ಬಿಟ್ಟಿಲ್ಲ. ತಪ್ಪು ಮಾಲಿ ಬೈರಣ್ಣನದು. ಹುಣ್ಣಿಮೆಗೆ ಅವನ ತಲೆ ಹೋಗುತ್ತದೆ. ದೊರೆಯ ಮೂರು ಒಗಟು ಬಿಡಿಸಿದವರಿಗೆ ತೋಟವೂ ಮಾಲಿಯ ಪ್ರಾಣವೂ ಸಿಗುತ್ತವೆ. ತಪ್ಪಿದವರ ತಲೆ ಅವನ ತಲೆಯ ಪಕ್ಕದಲ್ಲೇ ಉರುಳುತ್ತದೆ.”

ಡಂಗುರದವನು ಹೀಗೆ ಸಾರಿಕೊಂಡು ಹೋದ. ಉಗ್ರಬಾಹು ದೊರೆಗೆ ಮೂಗಿನ ತುದೀಲೇ ಕೋಪ ಕಣವ್ವ. ಹಿಮದ ಬೆಟ್ಟದಿಂದ ತರಿಸಿದ ಗಿಡ ಒಂದೆಲೆ ಉದುರಿಸಿದರೆ ಬೈರಣ್ಣನ ಬೆನ್ನಿಗೆ ಒಂದು ಛಡಿಯೇಟು. ಅದಕ್ಕೇ ಪಾಪ, ಅವನು ಮಾಗಿಯಲ್ಲೂ ದಿನಾ ಗಿಡಕ್ಕೆ ಏಳು ಕೊಡ ನೀರು ಹೊಯ್ಯುತ್ತಿದ್ದ.

ಮೊದಲು ಪಾಳೇಗಾರನ ಮಗ ಬಂದ. ದೊರೆ ಕೇಳಿದ: “ನಿದ್ದೆ ಬಂದರೆ ಬಟ್ಟೆ ಕಳಚುತ್ತದೆ, ಎಚ್ಚರಾದರೆ ಹೊಸದು ಉಡುತ್ತದೆ, ನಿದ್ದೆಗೆಟ್ಟರೆ ಹೆರುವುದಿಲ್ಲ. ಯಾವುದು?”

ಮೀಸೆ ತಿರುವಿ “ಹಾವು” ಅಂದ.

“ನನ್ನ ತೋಟದಲ್ಲಿ ಹಾವು ನೆಟ್ಟಿದ್ದೀನೇನೋ?” ಅಂತ ಗುಡುಗಿದ ದೊರೆ. ಅವನನ್ನು ಸೆರೆಗೆ ದಬ್ಬಿದರು.

ಆಮೇಲೆ ಪಂಡಿತ ಬಂದ. ದೊರೆ ಅವನ ಮುಂದೆ ಇನ್ನೊಂದು ಒಗಟು ಇಟ್ಟ: “ಬೆಟ್ಟದವರು ಬೇಡ ಅಂದರೂ ಬರುತ್ತದೆ, ನಾನು ಚಿನ್ನ ಸುರಿದರೂ ಬರುವುದಿಲ್ಲ. ಏನದು?”

“ಮಂಜುಗಡ್ಡೆ, ಮಹಾಪ್ರಭು.”

“ಅದನ್ನೂ ಗಾಡೀಲಿ ತರಿಸಿ ಬೇರಿಗೆ ಹಾಕಿಸಿದೆನಲ್ಲ. ಒಳಗೆ ಹಾಕಿ ಇವನನ್ನ.”

ಕೊನೆಗೆ ಬಂದವಳು ಬೈರಣ್ಣನ ಮಗಳು ಸಣ್ಣೀರಿ. ಅರಮನೆಯ ಆಡು ಕಾಯುವವಳು. ಕಣ್ಣೆಲ್ಲ ಕೆಂಪಗಾಗಿತ್ತು, ಅತ್ತು ಅಲ್ಲ, ಸಿಟ್ಟಿಗೆ.

“ಮೊದಲನೆಯದು ಬೆಟ್ಟದ ಸೇಬಿನ ಮರ, ಬುದ್ಧೀ. ಎಲೆ ಕಳಚಿ ಮಲಗುತ್ತೆ, ಮಲಗಿ ಎದ್ದರೇನೇ ಹೂವು. ಎರಡನೆಯದು ಚಳಿ. ಬೇರಿಗೆ ಗಡ್ಡೆ ಸುರಿದರೆ ಆಗಲ್ಲ, ತಿಂಗಳುಗಟ್ಟಲೆ ಗಾಳೀಲೇ ಇರಬೇಕು.”

ಸಸಿ ಕೊಟ್ಟಾಗ ಬೆಟ್ಟದವರು ಹೇಳಿದ್ದೂ ಇದೇ ಮಾತು. ದೊರೆಗೆ ಮೈ ಉರಿಯಿತು.

“ಹಾಗಾದರೆ ಮೂರನೆಯದು. ನನ್ನ ಮರಗಳ ನಿದ್ದೆ ಕದ್ದ ಕಳ್ಳ ಯಾರು? ಹೇಳು, ನಿಮ್ಮಪ್ಪನ ಹೆಸರು ಹೇಳು.”

“ನೀವು.”

ಕತ್ತಿ ಒರೆಯಿಂದ ಹೊರಗೆ ಬಂತು. ಸಣ್ಣೀರಿ ಕದಲಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಸೇಬಿನ ಹಣ್ಣು ಮುಂದಿಟ್ಟಳು.

“ಕುಳ್ಳ ಅಂತ ನೀವೇ ಎಸೆದ ಸಸಿಯ ಹಣ್ಣು ಇದು. ನಮ್ಮಪ್ಪ ಆಡಿನ ದೊಡ್ಡಿ ಹಿಂದೆ ನೆಟ್ಟ. ಮಾಗಿಯಲ್ಲಿ ಆಡು ಎಲೆಯೆಲ್ಲ ಮೇಯುತ್ತವೆ, ನೀರು ಹೊಯ್ಯೋರಿಲ್ಲ. ಇದರ ಜಾತಿಗೆ ಅಷ್ಟು ಸಣ್ಣ ನಿದ್ದೆ ಸಾಕು. ನಮ್ಮ ಬಿಸಿಲಿಗೆ ಇಂಥದ್ದನ್ನ ಆರಿಸಬೇಕಿತ್ತು. ನೀವು ಚೆಂದ ನೋಡಿ ಆರಿಸಿದಿರಿ. ಮಲಗಬೇಕಾದ ಗಿಡಕ್ಕೆ ನೀರು ಹೊಯ್ಸಿದಿರಿ, ಉದುರಬೇಕಾದ ಎಲೆಗೆ ನಮ್ಮಪ್ಪನ ಚರ್ಮ ಸುಲಿದಿರಿ.”

ದೊರೆ ಹಣ್ಣು ಕಚ್ಚಿದ. ಸಿಹಿಯಾಗಿತ್ತು, ಅದೇ ಅವನಿಗೆ ಕಹಿಯಾಯಿತು. ಕತ್ತಿ ಒರೆಗೆ ಹೋಯಿತು, ಪಾಳೇಗಾರನ ಮಗ, ಪಂಡಿತ, ಬೈರಣ್ಣ ಮೂವರೂ ಸೆರೆಯಿಂದ ಹೊರಗೆ ಬಂದರು.

ತೋಟ ಸಣ್ಣೀರಿಯದಾಯಿತು. ಸೀಬೆ, ಅಂಜೂರ, ದಾಳಿಂಬೆ ನೆಟ್ಟಳು; ನಡುವೆ ಆ ಕುಳ್ಳ ಗಿಡದ ಕಸಿ. ಛಡಿಯನ್ನೂ ಕೇಳಿ ಇಸ್ಕೊಂಡು ಒಂದು ಸಸಿಗೆ ಊರುಗೋಲು ಕಟ್ಟಿದಳು.

ಮಾಗಿ ಬಂದಾಗ ದೊರೆಯನ್ನೇ ಕರೆಸಿದಳು. “ಈ ಕುಳ್ಳ ಗಿಡಗಳು ಮಲಗಬೇಕು. ಎಲೆ ಕೀಳಿ ಬುದ್ಧೀ, ನಿಮ್ಮ ಕೈಯಾರೆ.”

ದೊರೆ ಮೊದಲ ಎಲೆಗೆ ಕೈ ಹಾಕಿದ. ಬೈರಣ್ಣ ಅಂಗಿ ಇಲ್ಲದೆ ಅಲ್ಲೇ, ದೊರೆಗೆ ಛಡಿಯ ಬರೆ ತುಂಬಿದ ಬೆನ್ನು ಕಾಣುವ ಹಾಗೆ ಕೂತಿದ್ದ. ಅವತ್ತು ಕಿತ್ತ ಎಲೆಗಳನ್ನು ದೊರೆ ಒಂದೊಂದಾಗಿ ನೆಲಕ್ಕೆ ಇಟ್ಟನಂತೆ ಕಣವ್ವ, ಒಂದನ್ನೂ ಎಸೆಯಲಿಲ್ಲವಂತೆ.