ಹಗಲು ಹೊರಬಿದ್ದ ಗೂಬೆಯನ್ನು ಕಾಗೆಗಳೇಕೆ ಬೈಯುತ್ತವೆ

ಲೋಕ ಆಗ ತಾನೇ ಹುಟ್ಟಿತ್ತು. ಬೆಟ್ಟಗಳ ಮಣ್ಣು ಇನ್ನೂ ಆರಿರಲಿಲ್ಲ. ಹೊಳೆಗೆ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ, ಸಿಕ್ಕಸಿಕ್ಕವರನ್ನು ಕೇಳಿಕೊಂಡು ಹರಿಯುತ್ತಿತ್ತು.

ಹಕ್ಕಿಗಳೆಲ್ಲ ದಂಡೆಯಲ್ಲಿ ಸೇರಿ ಕೆಲಸ ಹಂಚಿಕೊಂಡವು. ಹಗಲಿನ ಕೆಲಸಗಳಿಗೆ ನಾ ಮುಂದು ತಾ ಮುಂದು ಎಂದು ನುಗ್ಗಿದವು. ಕೊನೆಗೆ ಉಳಿದದ್ದು ರಾತ್ರಿ ಕಾವಲು.

ರಾತ್ರಿ ಕಾವಲು ಸಣ್ಣ ಕೆಲಸವೇನೂ ಆಗಿರಲಿಲ್ಲ. ಕತ್ತಲಾದರೆ ಸಾಕು, ಇಲಿಗಳು ಬಿಲದಿಂದ ಬಂದು ನೆಲದ ಮೇಲಿನ ಗೂಡುಗಳ ಮೊಟ್ಟೆ ಕದಿಯುತ್ತಿದ್ದವು. ಅವನ್ನು ಹಿಡಿಯಲು ಗೂಬಕ್ಕ ಒಪ್ಪಿಕೊಂಡಳು. ಅವಳಿಗೆ ಕತ್ತಲಲ್ಲಿ ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಬೇಡ ಅನ್ನಲು ಮಾತ್ರ ಬರುತ್ತಿರಲಿಲ್ಲ.

ರಾತ್ರಿಯಿಡೀ ಕಾವಲು ಕಾದು, ಬೆಳಗಾಗುತ್ತಲೇ ಅವಳು ಹಿಪ್ಪೆಮರದ ಕೊಂಬೆಯ ಮೇಲೆ ಕೂತು ಕಣ್ಣು ಮುಚ್ಚುತ್ತಿದ್ದಳು. ಮುಚ್ಚಿದ್ದೇ ತಡ, ಯಾರಾದರೂ ಬರುತ್ತಿದ್ದರು. ಗೀಜಗನ ಹೆಂಡತಿ ಹೊಸ ಗೂಡಿನ ಗೃಹಪ್ರವೇಶಕ್ಕೆ ಕುಂಕುಮ ಹಿಡಿದು ಬರುತ್ತಿದ್ದಳು. ಗುಬ್ಬಿಗೆ ಬಾಣಂತನ ಮಾಡುವವರು ಬೇಕಿತ್ತು. ಗೊರವಂಕಗಳ ಜಗಳ ಬಿಡಿಸಬೇಕಿತ್ತು. ಕಾಗೆಯಂತೂ ಬರೀ ಹರಟೆಗೇ ಬರುತ್ತಿತ್ತು. ಹಗಲೆಲ್ಲ ಕೂತೇ ಇರುತ್ತಾಳಲ್ಲ, ಅವಳಿಗೇನು ಕೆಲಸ ಎಂಬುದು ಎಲ್ಲರ ಮಾತು.

ಕುಂಕುಮ ಹಿಡಿದು ಬಂದವರನ್ನು ಹಾಗೇ ಕಳಿಸುವ ಪದ್ಧತಿ ಹಕ್ಕಿಗಳಲ್ಲಿ ಇರಲಿಲ್ಲ. ಗೂಬಕ್ಕ ಆಕಳಿಸುತ್ತ ಎದ್ದು ಹೋಗುತ್ತಿದ್ದಳು.

ಬರಬರುತ್ತ ಅವಳಿಗೆ ಊಟ ಸೇರದಾಯಿತು. ತಿಂದದ್ದು ಅರಗುತ್ತಿರಲಿಲ್ಲ. ಗಾಳಿ ಒಂದು ಎಲೆ ಅಲ್ಲಾಡಿಸಿದರೂ ಸಿಟ್ಟು ಬರುತ್ತಿತ್ತು, ಸಿಟ್ಟು ಇಳಿದ ಮೇಲೆ ಅಳು. ಗಾಳಿ ಪಾಪ, ಆ ಮರದ ಕಡೆ ಸುಳಿಯುವುದನ್ನೇ ಬಿಟ್ಟಿತು.

ಹೊಳೆ ಒಮ್ಮೆ ಕೇಳಿತು, ಯಾಕೆ ಹೀಗೆ ಬಾಡಿದ್ದೀಯೆ ಎಂದು. ಏನಿಲ್ಲ ಅಂದಳು ಗೂಬಕ್ಕ. ಹೊಳೆ ನಂಬಲಿಲ್ಲ. ನಾನೂ ಹಗಲು ರಾತ್ರಿ ಹರಿಯುವವಳೇ, ಆದರೆ ಮಡು ಸಿಕ್ಕಲ್ಲಿ ನಿಂತು ದಣಿವಾರಿಸಿಕೊಳ್ಳುತ್ತೇನೆ ಎಂದಿತು. ಗೂಬಕ್ಕ ತಲೆಯಾಡಿಸಿದಳು, ಅಷ್ಟರಲ್ಲಿ ಗುಬ್ಬಿ ಕರೆಯಿತು, ಹೋದಳು.

ಗೀಜಗರ ಗೃಹಪ್ರವೇಶ ಮುಗಿಸಿ ನೇರ ಕಾವಲಿಗೆ ಬಂದ ಒಂದು ರಾತ್ರಿ, ಹುಲ್ಲಿನಲ್ಲಿ ಏನೋ ಸಣ್ಣದು ಸರಿದಾಡಿತು. ಗೂಬಕ್ಕ ಎರಗಿದಳು. ಉಗುರಿನಲ್ಲಿ ಸಿಕ್ಕಿದ್ದು ನೆಲದಲ್ಲಿ ಗೂಡು ಮಾಡುವ ಟಿಟ್ಟಿಭ ಹಕ್ಕಿಯ ಮರಿ. ತಾಯಿಯ ಕೂಗಿಗೆ ಗೂಬಕ್ಕನ ಮಂಪರು ಹರಿಯಿತು, ಹಿಡಿತ ಸಡಿಲವಾಯಿತು. ಮರಿ ಬದುಕಿತು, ಬೆನ್ನಿಗೆ ಮಾತ್ರ ಗಾಯವಾಗಿತ್ತು.

ಬೆಳಗ್ಗೆ ಪಂಚಾಯಿತಿ ಸೇರಿತು. ಬೇಲಿಯೇ ಎದ್ದು ಹೊಲ ಮೇಯಿತು ಎಂದಿತು ಕಾಗೆ. ಅವಳನ್ನು ಕಾಡಿನಿಂದಲೇ ಕಳಿಸಿಬಿಡಿ ಎಂದವು ಗೊರವಂಕಗಳು. ಗೂಬಕ್ಕ ತಲೆ ಎತ್ತಲಿಲ್ಲ. ಅವಳಿಗೆ ಬಹಳ ನಾಚಿಕೆಯಾಗಿತ್ತು, ತನ್ನ ಉಗುರುಗಳನ್ನು ಕಂಡರೆ ತನಗೇ ಭಯವಾಗಿತ್ತು.

ತಾಯಿ ಟಿಟ್ಟಿಭ, ಮರಿಯನ್ನು ಕೆಳಗಿಳಿಸಿ ಎದುರಿಗೆ ಬಂತು. "ಗೂಬಕ್ಕ, ನೀನು ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

"ನೆನಪಿಲ್ಲ ತಂಗಿ."

ಗೀಜಗನ ಹೆಂಡತಿ ಹೊಳೆಯ ಕಡೆ ನೋಡಿದಳು. ಮೊದಲೇ ಹೇಳಬಾರದಿತ್ತೇ ಎಂದು ಕಾಗೆ ಗೊಣಗಿತು.

ಮರಕುಟಿಗ ಹೆಚ್ಚು ಮಾತಿನವನಲ್ಲ. ಎದ್ದು ಹೋಗಿ ಹಿಪ್ಪೆಮರದ ಕಾಂಡದಲ್ಲಿ ಆಳವಾದ ಪೊಟರೆ ಕೊರೆದ. ಒಳಗೆ ಬಿಸಿಲೂ ಬಾರದು, ಹರಟೆಯೂ ಬಾರದು. ಇನ್ನು ಹಗಲು ಇವಳನ್ನು ಯಾರೂ ಕರೆಯಕೂಡದು ಎಂದು ತೀರ್ಮಾನವಾಯಿತು.

ಗೂಬಕ್ಕ ಪೊಟರೆಯ ಬಾಯಲ್ಲಿ ನಿಂತು ಹಿಂತಿರುಗಿದಳು. ಅವಳಿಗೆ ತನ್ನ ಗುಣ ಗೊತ್ತಿತ್ತು.

"ನೀವು ಕರೀದಿದ್ರೂ ನಾನು ಬಂದುಬಿಡ್ತೀನಿ. ಯಾರ ಮನೇಲಿ ಏನಾಯ್ತೋ ಅಂತ ಮನಸ್ಸು ತಡೆಯಲ್ಲ. ಹಗಲು ಹೊರಗೆ ಕಂಡ್ರೆ ಮುಲಾಜು ನೋಡಬೇಡಿ. ಬೈದು ಒಳಗೆ ಅಟ್ಟಿ."

ಬೈಯುವ ಕೆಲಸವನ್ನು ಕಾಗೆ ಕೂಡಲೇ ಒಪ್ಪಿಕೊಂಡಿತು. ಅಂಥ ಕೆಲಸಕ್ಕೆ ಅದನ್ನು ಯಾರೂ ಎರಡು ಸಲ ಕೇಳಬೇಕಾಗಿರಲಿಲ್ಲ.

ಗೂಬಕ್ಕ ಸಂಜೆಯವರೆಗೆ ಮಲಗಿದಳು. ಎದ್ದಾಗ ಹಸಿವಾಗಿತ್ತು. ಅಂದಿನ ಕಾವಲಿನಲ್ಲಿ ಅವಳ ಉಗುರು ತಪ್ಪಲಿಲ್ಲ. ಟಿಟ್ಟಿಭ ಮಾತ್ರ ಮರಿಯನ್ನು ರೆಕ್ಕೆಯಡಿ ಇಟ್ಟುಕೊಂಡು ಒಂದೇ ಕಣ್ಣು ಮುಚ್ಚಿತು. ಇನ್ನೊಂದು ಕಣ್ಣು ಮುಚ್ಚಲು ಅದಕ್ಕೆ ಒಂದು ಮಳೆಗಾಲ ಬೇಕಾಯಿತು.

ಅದಕ್ಕೇ ಮಗೂ, ಇವತ್ತಿಗೂ ಗೂಬೆ ಹಗಲು ಹೊತ್ತು ಪೊಟರೆ ಬಿಟ್ಟು ಬಂದರೆ ಕಾಗೆ ಗೊರವಂಕಗಳೆಲ್ಲ ಸುತ್ತ ಸೇರಿ ಕೂಗಾಡಿ ಅಟ್ಟಿಸಿಕೊಂಡು ಹೋಗುತ್ತವೆ. ನೋಡಿದವರು ಅದನ್ನು ಹಗೆ ಅಂದುಕೊಳ್ಳುತ್ತಾರೆ, ಅವು ಕೂಗುವುದು ಮಾತ್ರ ಇಷ್ಟೇ, ಹೋಗಿ ಮಲಗು ಅಕ್ಕ, ಹೋಗಿ ಮಲಗು.