ಒಂದು ಗಂಟು ಹೆಚ್ಚು

“ಗುರುಗಳೇ, ನಿಮ್ಮ ನಡೆಗೂ ನನ್ನ ನಡೆಗೂ ಇನ್ನೆಷ್ಟು ಅಂತರ ಉಳಿದಿದೆ?” ಎಂದು ಶಿಷ್ಯ ಕೇಳಿದ.

ಗುರುಗಳು ಏಳುವ ಹೊತ್ತಿಗೆ ಅವನೂ ಏಳುತ್ತಿದ್ದ. ಅವರು ಮಾತು ನಿಲ್ಲಿಸುವ ಕಡೆಯೇ ನಿಲ್ಲಿಸುತ್ತಿದ್ದ. ತಮ್ಮ ನಂತರ ಮಠಕ್ಕೆ ಯಾರು ಎಂಬುದನ್ನು ಗುರುಗಳು ಮರುದಿನ ಹೇಳುವವರಿದ್ದರು. ಅವರು ಕತೆ ಹೇಳಿದರು.

ಒಬ್ಬ ಬಣ್ಣಗಾರನಿದ್ದ. ಅವನಲ್ಲಿ ನೀಲಿ ಅದ್ದಲು ಒಬ್ಬ ಹೆಂಗಸು, ಒಬ್ಬ ಗಂಡಸು ಇದ್ದರು. ಬಟ್ಟೆ ಮುಳುಗಿಸಿದರೆ ಲೆಕ್ಕದ ದಾರಕ್ಕೆ ಒಂದು ಗಂಟು, ಗಾಳಿಗೆ ಹಿಡಿದರೆ ಒಂದು ಕುಣಿಕೆ. ಅದು ಅಲ್ಲಿಯ ಕಟ್ಟುಪಾಡು. ಸಂಜೆ ಬಣ್ಣಗಾರ ಆ ದಾರಗಳನ್ನು ತನ್ನ ಮಾದರಿ ದಾರದ ಪಕ್ಕ ಹಿಡಿದು ಹೊಂದುತ್ತವೆಯೇ ಎಂದು ನೋಡುತ್ತಿದ್ದ.

ಒಬ್ಬ ವರ್ತಕ ಮಗಳ ಮದುವೆಯಲ್ಲಿ ನೆಂಟರಿಗೆ ಹೊದಿಸಲೆಂದು ಶಲ್ಯಗಳನ್ನು ಕೊಟ್ಟ. ಇಬ್ಬರೂ ಹಂಚಿಕೊಂಡು ಅದ್ದಿದರು. ಗಂಡಸಿನ ದಾರ ಕೊನೆಯವರೆಗೂ ಹೊಂದಿತು. ಹೆಂಗಸಿನದರಲ್ಲಿ ಎರಡನೆಯ ಗುರುತಿನಿಂದಲೇ ಕುಣಿಕೆಯಿರಬೇಕಾದಲ್ಲಿ ಗಂಟು, ಗಂಟಿರಬೇಕಾದಲ್ಲಿ ಕುಣಿಕೆ.

“ಏನಮ್ಮಾ, ನಿದ್ದೆಗಣ್ಣಲ್ಲಿ ಅದ್ದಿದೆಯಾ?”

“ಬಟ್ಟೆಯಲ್ಲಿ ಗಂಜಿ ಇತ್ತು ಧಣಿ. ಅದು ಹೋಗದೆ ಬಣ್ಣ ಕಚ್ಚದು ಅಂತ ಮೊದಲು ಬರಿ ನೀರಲ್ಲಿ ಒಂದು ಸಲ ಮುಳುಗಿಸಿದೆ. ಆ ಒಂದು ಗಂಟು ಬಿಟ್ಟು ನೋಡಿ, ಮಿಕ್ಕಿದ್ದೆಲ್ಲ ನಿಮ್ಮದೇ.”

“ಇಡೀ ದಾರ ತಪ್ಪಿದೆ, ಇವಳಿಗೆ ಒಂದು ಗಂಟಂತೆ!”

ಆ ಗಂಟನ್ನು ಬೆರಳಲ್ಲಿ ಮುಚ್ಚಿ ದಾರವನ್ನು ಒಂದಿಷ್ಟು ಸರಿಸಿದ್ದರೆ ಸಾಕಿತ್ತು. ಅಷ್ಟು ವ್ಯವಧಾನ ಬಣ್ಣಗಾರನಿಗಿರಲಿಲ್ಲ. ಆಕೆಯನ್ನು ಕೆಲಸದಿಂದ ಬಿಡಿಸಿದ.

ಮದುವೆಯ ದಿನ ಮಳೆ ಬಂದು ಚಪ್ಪರ ಸೋರಿತು. ನೆಂಟರ ಮೈಮೇಲೆ ನೀಲಿ ಇಳಿಯತೊಡಗಿತು. ಹೆಂಗಸು ಅದ್ದಿದ ಶಲ್ಯಗಳು ಮಾತ್ರ ಹಾಗೆಯೇ ಇದ್ದವು. ಬಣ್ಣಗಾರ ಪಂಕ್ತಿಯಲ್ಲಿ ಕೂತಿದ್ದ. ವರ್ತಕ ತನ್ನ ಒದ್ದೆ ಶಲ್ಯ ತೆಗೆದು ಅವನ ಎಲೆಯ ಮೇಲೆ ಹಿಂಡಿದ.

ಎಲೆ ಬಿಟ್ಟು ಎದ್ದ ಬಣ್ಣಗಾರ ನೇರ ಆ ಕೆಲಸದ ಗಂಡಸನ್ನು ಹಿಡಿದ. “ಗಂಜಿ ಕಾಣಲಿಲ್ಲವೇನೋ ನಿನಗೆ?”

“ಕಾಣದೆ ಏನು ಧಣಿ! ನಿಮ್ಮ ದಾರದಲ್ಲಿ ಅದಕ್ಕೆ ಗಂಟಿರಲಿಲ್ಲವಲ್ಲ.”

ಬಣ್ಣಗಾರ ಆಕೆಯನ್ನು ಹುಡುಕಿಕೊಂಡು ಹೋದ. ಇಟ್ಟಿಗೆ ಗೂಡಿನಲ್ಲಿ ಮಣ್ಣು ಕಲಸುತ್ತಿದ್ದಳು. ಕೈಯ ನೀಲಿ ಪೂರ್ತಿ ಹೋಗಿತ್ತು. ಆಕೆ ತಲೆಯೆತ್ತಲಿಲ್ಲ. ಅವನು ಹೊತ್ತು ಮುಳುಗುವವರೆಗೂ ನಿಂತಿದ್ದು ಹಿಂದಿರುಗಿದ.

ಶಿಷ್ಯ ನಕ್ಕ. “ಎಂಥ ಮೂಢ! ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತಲ್ಲ, ಗುರುಗಳೇ. ಅಂತರ ಎಷ್ಟು?”

“ಒಂದು ಗಂಟಿನಷ್ಟೂ ಇಲ್ಲಪ್ಪ, ಆ ಗಂಡಸಿನ ದಾರದ ಹಾಗೆ. ನನ್ನನ್ನು ಬಲ್ಲವರಿಗೆ ನಿನ್ನದೆಂದು ಹೇಳುವುದಕ್ಕೆ ಒಂದು ಮಾತೂ ಇಲ್ಲ.”